ಮುಸುರೆ ನೀರಿನ ದಾರಿ

ಮಲೆನಾಡಿನ ಮನೆಗಳಿಂದ ಪ್ರತಿವರ್ಷವೂ ಅನೇಕ ತಾಯಂದಿರು ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಅಮೆರಿಕೆಗೆ ಹೋಗಿ, ಆರು ತಿಂಗಳಿದ್ದು ಮರಳುತ್ತಾರೆ. ಅವರು ಹೇಳುವ ಸುದ್ದಿಗಳಲ್ಲಿ ಹಿಮ, ಅಗಲವಾದ ರಸ್ತೆ, ಬೀದಿಯಲ್ಲಿ ಮನುಷ್ಯರೇ ಕಾಣದಿರುವುದು ಇವೆಲ್ಲ ಇದ್ದೇ ಇರುತ್ತವೆ. ಇವುಗಳ ನಡುವೆ ಅಡುಗೆಮನೆಯ ಸಿಂಕಿನ ಅಡಿಯಲ್ಲಿ ಕುಳಿತು ಗರಗರ ಎನ್ನುವ ಒಂದು ಯಂತ್ರದ ಸುದ್ದಿಯೂ ಬರುತ್ತದೆ. ಉಳಿದ ಅನ್ನ, ತರಕಾರಿ ಸಿಪ್ಪೆ, ಎಂಜಲು ಎಲ್ಲವನ್ನೂ ಸಿಂಕಿನ ತೂತಿಗೆ ತಳ್ಳಿ, ನೀರು ಬಿಟ್ಟು, ಗುಂಡಿ ಒತ್ತಿದರೆ ಕ್ಷಣಮಾತ್ರದಲ್ಲಿ ಮಾಯ. ಬಾಳೆಹೂವನ್ನೋ ನುಗ್ಗೆಕಾಯಿಯ ನಾರನ್ನೋ ಅದಕ್ಕೆ ತುರುಕಿ, ಯಂತ್ರ ಸಿಕ್ಕಿಹಾಕಿಕೊಂಡು, ಅಳಿಯ ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಸಿಂಕಿನ ಕೆಳಗೆ ಮಲಗಬೇಕಾದ ಕಥೆಯೂ ಕೆಲವರಲ್ಲಿ ಉಂಟು.

ಗಾರ್ಬೇಜ್ ಡಿಸ್ಪೋಸರ್ ಎಂದು ಕರೆಯಲ್ಪಡುವ ಈ ಮುಸುರೆ ಗಿರಣಿಯು ಇಂದು ಭಾರತದ ಪೇಟೆಯಲ್ಲೂ ಮಾರಾಟಕ್ಕಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಅಡುಗೆಮನೆಗಳನ್ನು ಅದು ಈಗಾಗಲೇ ಪ್ರವೇಶಿಸಿದೆ. ಹೊಸ ಮನೆ, ಹೋಂಸ್ಟೇ ಕಟ್ಟಿಸುವ ನಮ್ಮ ಭಾಗದ ಕೆಲವರೂ ಇದನ್ನು ಕೂಡಿಸಬಹುದೇ ಎಂದು ವಿಚಾರಿಸತೊಡಗಿದ್ದಾರೆ. ಪರಿಸರದ ಪತ್ರಿಕೆಯಾದ್ದರಿಂದ ಇದಕ್ಕೆ 'ಬೇಡ' ಎಂಬ ಒಂದೇ ಮಾತಿನ ಉತ್ತರ ಬರುತ್ತದೆಂದು ಕೇಳಿದವರು ನಿರೀಕ್ಷಿಸಿರಬಹುದು. ಆದರೆ ವಿಷಯ ಅಷ್ಟು ಸರಳವಾಗಿಲ್ಲ. ಒಂದು ಯಂತ್ರದ ಗುಣದೋಷವು ಅದರ ಒಳಗಿನಷ್ಟೇ ಅದರಿಂದ ಹೊರಟ ಕೊಳವೆ ಎಲ್ಲಿಗೆ ಹೋಗಿ ಸೇರುತ್ತದೆಂಬುದರಲ್ಲಿಯೂ ಇರುತ್ತದೆ.

ಮೊದಲು ಯಂತ್ರವನ್ನೇ ನೋಡೋಣ. ಇದನ್ನು 1927ರಲ್ಲಿ ರೂಪಿಸಿದವನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ನಗರದ ವಾಸ್ತುಶಿಲ್ಪಿ ಜಾನ್ ಹ್ಯಾಮ್ಸ್. 1935ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. 1938ರಲ್ಲಿ ಇನ್‌ಸಿಂಕರೇಟರ್ ಎಂಬ ಕಂಪನಿ ಹುಟ್ಟಿತು. ಇಂದು ಆ ದೇಶದ ಸುಮಾರು ಅರ್ಧದಷ್ಟು ಮನೆಗಳಲ್ಲಿ ಈ ಯಂತ್ರವಿದೆ. ಬಹಳ ಜನ ಭಾವಿಸಿರುವಂತೆ ಇದರೊಳಗೆ ಮಿಕ್ಸಿಯಲ್ಲಿರುವಂಥ ಬ್ಲೇಡುಗಳಿಲ್ಲ. ತಳದಲ್ಲಿ ವೇಗವಾಗಿ ತಿರುಗುವ ಒಂದು ತಟ್ಟೆ, ಅದರ ಮೇಲೆ ಮೊಂಡಾದ ಒಂದೆರಡು ಲೋಹದ ಗುಬಟುಗಳು, ಸುತ್ತಲೂ ಹಲ್ಲುಗಳಿರುವ ಸ್ಥಿರವಾದ ಉಂಗುರ, ಇಷ್ಟೇ ಇದರ ಅಂಗಾಂಗ. ತಟ್ಟೆ ತಿರುಗಿದಾಗ ಆಹಾರವು ಹೊರಕ್ಕೆ ಎಸೆಯಲ್ಪಟ್ಟು ಉಂಗುರಕ್ಕೆ ಅಪ್ಪಳಿಸುತ್ತದೆ. ಉಜ್ಜಲ್ಪಟ್ಟು ಸಣ್ಣ ಕಣಗಳಾಗಿ ನೀರಿನೊಡನೆ ಕೆಳಗಿಳಿಯುತ್ತದೆ. ತುರಿಯುವ ಮಣೆಗೂ ಬೀಸುವ ಕಲ್ಲಿಗೂ ಮದುವೆ ಮಾಡಿಸಿದಂತೆ ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು.

ಈ ರಚನೆಯನ್ನು ತಿಳಿದರೆ ಬಳಕೆಯ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಬೀಸುವ ಕಲ್ಲಿಗೆ ಒಮ್ಮೆಲೇ ಸೇರು ಅಕ್ಕಿ ಸುರಿಯುವವರಿಲ್ಲ. ಇದಕ್ಕೂ ಹಿಡಿಹಿಡಿಯಾಗಿಯೇ ಕೊಡಬೇಕು. ಮೊದಲು ತಣ್ಣೀರಿನ ನಲ್ಲಿ ತಿರುಗಿಸಬೇಕು, ಅನಂತರ ಯಂತ್ರ ಚಾಲೂ ಮಾಡಬೇಕು, ಆಮೇಲೆಯೇ ಆಹಾರ ಹಾಕಬೇಕು. ಅರೆಯುವ ಸದ್ದು ನಿಂತು ಬರಿಯ ಮೋಟಾರಿನ ಸದ್ದು ಉಳಿದ ಬಳಿಕವೂ ಹದಿನೈದಿಪ್ಪತ್ತು ಸೆಕೆಂಡು ನೀರು ಹರಿಯುತ್ತಿರಬೇಕು. ಅರೆದ ಕಣಗಳು ಕೊಳವೆಯ ಬಾಗಿನಲ್ಲಿ ನಿಂತು ಕೊಳೆಯದಂತೆ ಮುಂದೆ ಸಾಗಿಸುವುದು ಈ ಕೊನೆಯ ನೀರೇ. ಬಿಸಿನೀರನ್ನು ಬಳಸಬಾರದೇಕೆ? ಬಿಸಿನೀರು ತುಪ್ಪ, ಎಣ್ಣೆಗಳನ್ನು ಕರಗಿಸಿ ಒಯ್ಯುತ್ತದೆ. ಮುಂದೆ ಕೊಳವೆ ತಣ್ಣಗಿರುವೆಡೆಯಲ್ಲಿ ಅದೇ ಜಿಡ್ಡು ಹೆಪ್ಪುಗಟ್ಟಿ ಗೋಡೆಗೆ ಅಂಟುತ್ತದೆ. ತಣ್ಣೀರಿನಲ್ಲಾದರೆ ಅದು ಗಟ್ಟಿಯಾಗಿಯೇ ಇದ್ದು ಚೂರಾಗಿ ಹೋಗುತ್ತದೆ. ಹಾಗೆಂದು ಕರಿದ ಎಣ್ಣೆಯನ್ನು ತಣ್ಣೀರಿನೊಡನೆ ಸುರಿಯಬಹುದೆಂದಲ್ಲ. ಜಿಡ್ಡು ಯಾವ ರೂಪದಲ್ಲಿಯೂ ಸಿಂಕಿಗೆ ಸೇರಬಾರದು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಭಾಗದ ಒಳಚರಂಡಿಯಲ್ಲಿ ಜಿಡ್ಡು ಮತ್ತು ಒರೆಸುವ ಬಟ್ಟೆಗಳು ಸೇರಿ ಕಲ್ಲಾಗಿ ನಿಂತಿದ್ದ ಒಂದು ಗಡ್ಡೆ ಸಿಕ್ಕಿತು. ಅದರ ಉದ್ದ ಸುಮಾರು 250 ಮೀಟರ್, ತೂಕ ಸುಮಾರು 130 ಟನ್. ಕಾವಲಿಯ ಎಣ್ಣೆಯನ್ನು ಹಳೆಯ ಪತ್ರಿಕೆಯ ಚೂರಿನಿಂದ ಒರೆಸಿ ತೆಗೆದ ಮೇಲೆ ತೊಳೆಯುವುದು ಎಲ್ಲ ದೇಶದ ಸಿಂಕಿಗೂ ಕ್ಷೇಮ.

ಇನ್ನು ಏನನ್ನು ಹಾಕಬಾರದು ಎಂಬ ವಿಷಯ. ಯಂತ್ರದೊಂದಿಗೆ ಬರುವ ಕೈಪಿಡಿಗಳು ಪಾಶ್ಚಾತ್ಯರ ಅಡುಗೆಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ನಮ್ಮವರ ಅಡುಗೆಮನೆಯ ಸಂಗತಿಯೇ ಬೇರೆ. ನಾರು ಇದರ ಪರಮ ವೈರಿ. ಬಾಳೆದಿಂಡು, ಬಾಳೆಹೂವು, ಅಗಿದುಳಿದ ನುಗ್ಗೆಕಾಯಿ, ಹುಣಸೆಹಣ್ಣಿನ ನಾರು, ತೆಂಗಿನ ಜುಂಗು, ಕರಿಬೇವಿನ ಕಡ್ಡಿ, ಹರಿವೆ ದಂಟಿನ ಸಿಪ್ಪೆ, ಮುಸುಕಿನ ಜೋಳದ ಹೊದಿಕೆ ಇವೆಲ್ಲ ಅರೆಯಲ್ಪಡದೆ ದಾರವಾಗಿ ಸುತ್ತಿಕೊಳ್ಳುತ್ತವೆ. ಈರುಳ್ಳಿಯ ಒಣ ಸಿಪ್ಪೆ ತೆಳ್ಳಗಿದ್ದು ಹಲ್ಲುಗಳ ಸಂದಿನಿಂದ ಹಾಗೆಯೇ ನುಸುಳಿ, ಕೊಳವೆಯಲ್ಲಿ ಜಾಲರಿಯಂತೆ ಹರಡಿಕೊಳ್ಳುತ್ತದೆ. ಮಾವಿನ ಗೊರಟು, ತೆಂಗಿನ ಕರಟ, ಹಲಸಿನ ಬೀಜದಂಥವು ಮೋಟಾರನ್ನೇ ನಿಲ್ಲಿಸಿಬಿಡುತ್ತವೆ. ಹೆಚ್ಚಿನವರಿಗೆ ತಿಳಿಯದಿರುವುದು ಪಿಷ್ಟದ ಸಂಗತಿ. ಅನ್ನ, ಅವಲಕ್ಕಿ, ಆಲೂಗಡ್ಡೆಯ ಸಿಪ್ಪೆ, ಹುಳಿಬಂದ ದೋಸೆ ಹಿಟ್ಟು ಇವು ಯಂತ್ರವನ್ನು ಸಲೀಸಾಗಿ ದಾಟುತ್ತವೆ, ಆದರೆ ದಾಟಿದ ಮೇಲೆ ಕೊಳವೆಯ ಬಾಗಿನಲ್ಲಿ ಸರಿಯಾಗಿ ಅಂಟಿನಂತೆ ಕೂರುತ್ತವೆ. ಒಂದು ಚಮಚೆಯಷ್ಟು ಅನ್ನ ಚಿಂತೆಯಿಲ್ಲ. ಪಾತ್ರೆ ತುಂಬ ಉಳಿದದ್ದನ್ನು ಹಾಕಿದರೆ ಪ್ಲಂಬರನನ್ನು ಕರೆಸಬೇಕಾಗುತ್ತದೆ, ಆ ದೇಶದಲ್ಲಿ ಪ್ಲಂಬರನ ಕೂಲಿ ಕೇಳಿದವರು ಮರುದಿನದಿಂದ ಅನ್ನವನ್ನು ಅಳತೆಯಿಂದಲೇ ಬೇಯಿಸುತ್ತಾರೆ. ಕಾಫಿಯ ಗಸಿಯೂ ಹೀಗೆಯೇ; ಮರಳಿನಂತೆ ಕೂತು ಬಿಗಿಯಾಗುತ್ತದೆ. ಹಾಗಾದರೆ ಉಳಿದದ್ದೇನು? ಮೆತ್ತಗೆ ಬೆಂದ ತರಕಾರಿ, ಹಣ್ಣಿನ ಚೂರು, ಸೌತೆ ಸೋರೆಗಳ ಎಳೆಯ ಸಿಪ್ಪೆ, ತಟ್ಟೆ ತೊಳೆದಾಗ ಬರುವ ಎಂಜಲು. ಅಂದರೆ ಈ ಯಂತ್ರವು ಕಸದ ಬುಟ್ಟಿಗೆ ಬದಲಿಯಲ್ಲ, ಕೊನೆಯ ಹಿಡಿಯಷ್ಟನ್ನು ವಿಲೇವಾರಿ ಮಾಡುವ ಉಪಕರಣ ಮಾತ್ರ.

ಯಂತ್ರ ನಿಂತಾಗ ಗಾಬರಿಯಾಗಬೇಕಾಗಿಲ್ಲ. ಗುಂಯ್ ಎಂಬ ಸದ್ದು ಬಂದು ತಟ್ಟೆ ತಿರುಗದಿದ್ದರೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಕೂಡಲೇ ಆರಿಸಬೇಕು, ಇಲ್ಲವಾದರೆ ಮೋಟಾರು ಸುಡುತ್ತದೆ. ಸದ್ದೇ ಇಲ್ಲದಿದ್ದರೆ ಒಳಗಿನ ರಕ್ಷಣಾ ಸ್ವಿಚ್ಚು ಹಾರಿರಬಹುದು. ಎರಡೂ ಸಂದರ್ಭಗಳಲ್ಲಿ ಮೊದಲ ಕೆಲಸ ಪ್ಲಗ್ಗನ್ನು ಕಿತ್ತಿಡುವುದು. ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು. ಮಕ್ಕಳೋ ಮರೆವಿನ ಹಿರಿಯರೋ ಅದನ್ನು ಒತ್ತಿದರೆ ಅನಾಹುತವಾದೀತು. ಅನೇಕ ಮಾದರಿಗಳ ತಳದ ಮಧ್ಯದಲ್ಲಿ ಆರು ಮೂಲೆಯ ಒಂದು ತೂತು ಇರುತ್ತದೆ. ಜೊತೆಯಲ್ಲಿ ಬರುವ ಬಾಗಿದ ಕೀಲಿಯನ್ನು ಅದಕ್ಕೆ ತೂರಿಸಿ ಹಿಂದೆ ಮುಂದೆ ತಿರುಗಿಸಿದರೆ ಸಿಕ್ಕಿದ ವಸ್ತು ಸಡಿಲವಾಗುತ್ತದೆ. ಆ ತೂತಿಲ್ಲದ ಮಾದರಿಯಾದರೆ ಮೇಲಿನಿಂದ ಮರದ ಹಿಡಿಯೊಂದನ್ನು ಇಳಿಸಿ ತಟ್ಟೆಯನ್ನು ತಿರುಗಿಸಬಹುದು. ಟಾರ್ಚು ಬಿಟ್ಟು ನೋಡಿ, ಇಕ್ಕಳದಿಂದ ಎತ್ತಬೇಕು. ಪ್ಲಗ್ಗು ಕಿತ್ತಿದ್ದರೂ ಕೈ ಇಳಿಸುವ ಅಭ್ಯಾಸ ಒಳ್ಳೆಯದಲ್ಲ. ಮೋಟಾರು ತಣಿಯಲು ಹತ್ತು ಹದಿನೈದು ನಿಮಿಷ ಬಿಟ್ಟು, ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿ, ನೀರು ಬಿಟ್ಟು ಮತ್ತೆ ಚಾಲೂ ಮಾಡಬೇಕು. ಬಹುಪಾಲು ತೊಂದರೆಗಳು ಇಷ್ಟರಲ್ಲಿ ಪರಿಹಾರವಾಗುತ್ತವೆ.

ವಾಸನೆ ಬರುವುದು ಸಾಮಾನ್ಯವಾಗಿ ಯಂತ್ರದ ಹೊಟ್ಟೆಯಿಂದಲ್ಲ, ಬಾಯಿಯ ರಬ್ಬರು ಮುಚ್ಚಳದ ಅಡಿಭಾಗದಿಂದ. ಯಾರ ಕಣ್ಣಿಗೂ ಬೀಳದ ಆ ಮಡಿಕೆಗಳಲ್ಲಿ ಜಿಗುಟು ಬೆಳೆಯುತ್ತದೆ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಸೋಪು ಹಚ್ಚಿ ಅದನ್ನು ಉಜ್ಜಬೇಕು. ಮಂಜುಗಡ್ಡೆಯ ತುಂಡುಗಳನ್ನು ಕಲ್ಲುಪ್ಪಿನೊಡನೆ ಹಾಕಿ ತಿರುಗಿಸಿದರೆ ಒಳಗಿನ ಗೋಡೆಯ ಪಾಚಿ ಕಿತ್ತುಬರುತ್ತದೆ. ಅದರಿಂದ ಬ್ಲೇಡು ಹರಿತವಾಗುತ್ತದೆಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ, ಹರಿತವಾಗಲು ಬ್ಲೇಡೇ ಇಲ್ಲ. ನಿಂಬೆಯ ಸಿಪ್ಪೆಯನ್ನು ಚೂರು ಮಾಡಿ ಹಾಕುವುದು ಪರಿಮಳಕ್ಕೆ. ಚರಂಡಿ ಬಿಡಿಸಲು ಮಾರುವ ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ರಾಸಾಯನಿಕಗಳನ್ನು ಎಂದಿಗೂ ಸುರಿಯಬಾರದು. ಅವು ಯಂತ್ರದ ಬಿರಡೆಗಳನ್ನೂ ಬಳಿಕ ರಿಪೇರಿಗೆ ಬಂದವನ ಚರ್ಮವನ್ನೂ ಸುಡುತ್ತವೆ. ವಾರಗಟ್ಟಲೆ ಬಳಸದೆ ಬಿಟ್ಟರೆ ತುಕ್ಕು ಹಿಡಿದು ತಟ್ಟೆ ಬಿಗಿಯುವುದರಿಂದ ಆಗಾಗ ಬರಿಯ ನೀರಿನೊಂದಿಗಾದರೂ ಓಡಿಸಬೇಕು. ಮೇಲಿನಿಂದ ಸೋರಿದರೆ ಸಿಂಕಿನ ಜೋಡಣೆ ಬಿಗಿಗೊಳಿಸಬಹುದು, ಬದಿಯಿಂದ ಸೋರಿದರೆ ಪಟ್ಟಿ ಬಿಗಿಗೊಳಿಸಬಹುದು. ತಳದಿಂದ ಸೋರತೊಡಗಿತೆಂದರೆ ಒಳಗಿನ ಬಿರಡೆ ಸವೆದಿದೆ, ಯಂತ್ರದ ಆಯುಷ್ಯ ಮುಗಿದಿದೆ. ಪ್ರಾಸಂಗಿಕವಾಗಿ ಒಂದು ಮಾತು: ಅಲ್ಲಿಂದ ಬರುವಾಗ ಸಾಮಾನಿನೊಡನೆ ಇದನ್ನೂ ಹೊತ್ತು ತರುವ ಯೋಚನೆ ಯಾರಿಗಾದರೂ ಇದ್ದರೆ, ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟಿನದು, 60 ಹರ್ಟ್ಸಿನದು, ನಮ್ಮದು 230 ಮತ್ತು 50. ಹಾಗೆ ತಂದ ಯಂತ್ರ ಇಲ್ಲಿ ಮೊದಲ ದಿನವೇ ಸುಟ್ಟುಹೋಗುತ್ತದೆ.

ಇಷ್ಟು ಬಳಕೆಯ ಮಾತಾಯಿತು. ಈಗ ಕೊಳವೆಯ ಇನ್ನೊಂದು ತುದಿಗೆ ಹೋಗೋಣ.

ಈ ಯಂತ್ರದ ಪರವಾಗಿರುವ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಅಡುಗೆಮನೆಯ ಕಸ ಬಹುಮಟ್ಟಿಗೆ ಹೋಗುವುದು ನೆಲಭರ್ತಿ ಗುಂಡಿಗಳಿಗೆ. ಅಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹೊಮ್ಮುತ್ತದೆ. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಹೊರಡಿಸಿದ ವರದಿಯ ಪ್ರಕಾರ ನಗರಗಳ ಕಸದ ಗುಂಡಿಗಳಿಂದ ಸೋರಿಹೋಗುವ ಮೀಥೇನಿನಲ್ಲಿ ಶೇ. 58ರಷ್ಟಕ್ಕೆ ಆಹಾರದ ಕಸವೇ ಕಾರಣ. ಅದರ ಬದಲು ಆ ಕಸ ಒಳಚರಂಡಿಯ ಮೂಲಕ ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿನ ದೈತ್ಯ ಗೋಬರ್ ಗ್ಯಾಸ್ ತೊಟ್ಟಿಗಳಲ್ಲಿ ಅನಿಲವಾಗಿ ವಿದ್ಯುತ್ ಕೊಟ್ಟರೆ ತಪ್ಪೇನು? ಸ್ವೀಡನ್ನಿನ ಸುರಾಹಮ್ಮರ್ ಎಂಬ ಸಣ್ಣ ಪಟ್ಟಣದಲ್ಲಿ 1997ರಿಂದ ಇದೇ ಉದ್ದೇಶಕ್ಕಾಗಿ ಮನೆಗಳಿಗೆ ಡಿಸ್ಪೋಸರುಗಳನ್ನು ಒದಗಿಸಲಾಯಿತು. ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿರುವ ಒಂದು ಶುದ್ಧೀಕರಣ ಘಟಕವು ಹೊರಗಿನಿಂದ ಆಹಾರ ತ್ಯಾಜ್ಯವನ್ನೂ ತರಿಸಿಕೊಂಡು ಕೊಳೆಸಿ, 2012ರ ಹೊತ್ತಿಗೆ ತಾನು ಬಳಸುವುದಕ್ಕಿಂತ ಹೆಚ್ಚು ಶಕ್ತಿಯನ್ನು ಉತ್ಪಾದಿಸತೊಡಗಿತು. ನ್ಯೂಯಾರ್ಕ್ ನಗರದ ಬಹುಭಾಗದಲ್ಲಿ ಈ ಯಂತ್ರಕ್ಕಿದ್ದ ನಿಷೇಧವನ್ನು ಪ್ರಾಯೋಗಿಕ ಅಧ್ಯಯನವೊಂದರ ನಂತರ 1997ರಲ್ಲಿ ಮನೆಗಳ ಮಟ್ಟಿಗೆ ತೆಗೆದುಹಾಕಿದರು. ಹಳೆಯ ನಿಷೇಧಕ್ಕಿದ್ದ ಕಾರಣವೂ ಗಮನಾರ್ಹ: ಆ ನಗರದ ಹೆಚ್ಚಿನ ಕಡೆ ಮಳೆನೀರಿಗೂ ಮಲಿನ ನೀರಿಗೂ ಒಂದೇ ಚರಂಡಿ. ಜೋರು ಮಳೆ ಬಂದಾಗ ಎರಡೂ ಉಕ್ಕಿ ನೇರವಾಗಿ ನದಿಗೆ ಸೇರುತ್ತಿದ್ದವು.

ಆದರೆ ಅದೇ ಅಮೆರಿಕದ ಸಂಸ್ಥೆಯು ಆಹಾರ ತ್ಯಾಜ್ಯದ ನಿರ್ವಹಣೆಗೆ 2023ರಲ್ಲಿ ಹೊಸ ತಾರತಮ್ಯ ಶ್ರೇಣಿಯನ್ನು ಪ್ರಕಟಿಸಿತು. ಮೊದಲನೆಯದು ಕಸವಾಗದಂತೆ ತಡೆಯುವುದು. ಆಮೇಲೆ ಹಸಿದವರಿಗೆ ಕೊಡುವುದು, ದನಕರುಗಳಿಗೆ ಹಾಕುವುದು. ಅನಂತರ ಗೊಬ್ಬರ ಮಾಡುವುದು. ಕಟ್ಟಕಡೆಯ ಮೆಟ್ಟಿಲಿನಲ್ಲಿ ನೆಲಭರ್ತಿಯ ಮತ್ತು ಸುಡುವಿಕೆಯ ಪಕ್ಕದಲ್ಲಿಯೇ ಚರಂಡಿಗೆ ಬಿಡುವುದನ್ನೂ ಇರಿಸಲಾಗಿದೆ. ಯಂತ್ರವನ್ನು ಜಗತ್ತಿಗೆ ಕೊಟ್ಟ ದೇಶವೇ ಅದಕ್ಕೆ ಈ ಸ್ಥಾನ ಕೊಟ್ಟಿದೆ. ಅಷ್ಟೇ ಅಲ್ಲ, ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರು ಡಿಸ್ಪೋಸರನ್ನು ಬಿಡಬೇಕು ಅಥವಾ ತೀರ ಮಿತಗೊಳಿಸಬೇಕು ಎಂಬುದೂ ಆ ಸಂಸ್ಥೆಯದೇ ಸಲಹೆ. ಅಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಒಳಚರಂಡಿಯಿಲ್ಲದೆ ಸೆಪ್ಟಿಕ್ ಟ್ಯಾಂಕನ್ನೇ ನಂಬಿಕೊಂಡಿವೆ. ಮಗಳ ಮನೆ ಅಂಥದ್ದಾದರೆ ಅಲ್ಲಿಯೂ ಈ ಯಂತ್ರ ಬೇಡ.

ಮಲೆನಾಡಿನಲ್ಲಿ ನಮಗೆಲ್ಲ ಇರುವುದು ಸೆಪ್ಟಿಕ್ ಟ್ಯಾಂಕೇ. ಅನೇಕ ಕಡೆ ಅದೂ ಇಲ್ಲ. ಸಿಮೆಂಟಿನ ಉಂಗುರ ಇಳಿಸಿದ ಇಂಗುಗುಂಡಿ ಮಾತ್ರ. ಸೆಪ್ಟಿಕ್ ಟ್ಯಾಂಕಿನ ಕೆಲಸ ಗಟ್ಟಿಯಾದದ್ದನ್ನು ತಳಕ್ಕಿಳಿಸಿ, ಜಿಡ್ಡನ್ನು ಮೇಲಕ್ಕೆ ತೇಲಿಸಿ, ನಡುವಿನ ತಿಳಿಯನ್ನು ಮಣ್ಣಿಗೆ ಬಿಡುವುದು. ಇದಕ್ಕೆ ನೀರು ಶಾಂತವಾಗಿ ನಿಲ್ಲಬೇಕು, ಕಣಗಳು ಭಾರವಾಗಿರಬೇಕು. ಡಿಸ್ಪೋಸರಿನಿಂದ ಬರುವ ನುಣುಪಾದ ಕಣಗಳು ಬೇಗ ತಳ ಹಿಡಿಯುವುದಿಲ್ಲ. ತಿಳಿಯೊಂದಿಗೆ ಹೊರಬಿದ್ದು ಇಂಗುಗುಂಡಿಯ ಸುತ್ತಲಿನ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ತಳ ಹಿಡಿದದ್ದು ಟ್ಯಾಂಕನ್ನು ಬೇಗ ತುಂಬಿಸುತ್ತದೆ. ತುಂಬಿದ ಟ್ಯಾಂಕನ್ನು ಬರಿದು ಮಾಡುವ ಲಾರಿ ಎಷ್ಟು ಹಳ್ಳಿಗಳಿಗೆ ಬಂದೀತು? ಬಂದರೂ ಅದು ತುಂಬಿಕೊಂಡದ್ದನ್ನು ಎಲ್ಲಿ ಸುರಿಯುತ್ತದೆಂದು ಯಾರಾದರೂ ಕೇಳಿದ್ದೇವೆಯೇ?

ನಮ್ಮ ಮಣ್ಣಿನ ಸ್ವಭಾವವನ್ನೂ ಗಮನಿಸಬೇಕು. ಜಂಬಿಟ್ಟಿಗೆಯ ನೆಲ ಹೊರಗೆ ಬಂಡೆಯಂತೆ ಕಂಡರೂ ಒಳಗೆ ಕೊಳವೆಗಳ ಜಾಲ. ಅದರಲ್ಲಿ ನೀರು ಸೋಸಲ್ಪಡದೆ ಸರಸರನೆ ಸಾಗಬಲ್ಲದು. ಆಷಾಢ ಶ್ರಾವಣಗಳಲ್ಲಿ ಅಂತರ್ಜಲ ಮೇಲೇರಿ ಬಾವಿಯಲ್ಲಿ ಕೈಗೆಟುಕುವಂತೆ ನೀರು ನಿಂತಾಗ ಇಂಗುಗುಂಡಿಯ ತಳವೂ ಅದೇ ನೀರಿನಲ್ಲಿ ಮುಳುಗಿರುತ್ತದೆ. ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕೆಂಬ ವಾಡಿಕೆಯ ನಿಯಮವು ಇಂಥ ನೆಲದಲ್ಲಿ ಸಾಲದೆಯೂ ಹೋಗಬಹುದು. ಗುಡ್ಡದ ಇಳಿಜಾರಿನಲ್ಲಿ ಮೇಲಿನ ಮನೆಯ ಗುಂಡಿಯೂ ಕೆಳಗಿನ ಮನೆಯ ಬಾವಿಯೂ ಒಂದೇ ಸಾಲಿನಲ್ಲಿರುವ ಊರುಗಳು ನಮ್ಮಲ್ಲಿ ಎಷ್ಟಿಲ್ಲ!

ವಿದ್ಯಾರ್ಥಿಗಳಿಗಾಗಿ ಇನ್ನೊಂದು ಲೆಕ್ಕ. ಶುದ್ಧವಾದ ಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ನಮ್ಮ ಹವೆಯಲ್ಲಿ ಸುಮಾರು 8 ಮಿಲಿಗ್ರಾಂ. ಮೀನೂ ಏಡಿಯೂ ಬದುಕುವುದು ಇದರಿಂದಲೇ. ಕೊಳೆಯುವ ವಸ್ತು ನೀರಿಗೆ ಬಿದ್ದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಹೀಗೆ ಬೇಕಾಗುವ ಪ್ರಮಾಣಕ್ಕೆ ಜೈವಿಕ ಆಮ್ಲಜನಕದ ಬೇಡಿಕೆ ಎಂದು ಹೆಸರು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮನೆಗಳ ಸಾಮಾನ್ಯ ಚರಂಡಿ ನೀರಿನಲ್ಲಿಯೇ ಇದು ಇನ್ನೂರರಿಂದ ಮುನ್ನೂರರಷ್ಟಿರುತ್ತದೆ. ಅದಕ್ಕೆ ಅರೆದ ಅನ್ನ ಸಾರನ್ನೂ ಸೇರಿಸಿದರೆ ಏನಾದೀತೆಂದು ಊಹಿಸಬಹುದು. ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಮೂರೂ ಒಂದೇ ತುಂಗೆಯ ದಂಡೆಯ ಊರುಗಳು. ಮೇಲಿನ ಊರಿನ ಚರಂಡಿಯ ತುದಿ ಎಲ್ಲಿದೆಯೋ ಅಲ್ಲಿಂದ ಕೆಳಗಿನ ಊರಿನ ಕುಡಿಯುವ ನೀರು ಆರಂಭವಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಗೆ ಬೆಂಕಿ ಬಿದ್ದದ್ದನ್ನೂ 2017 ಮತ್ತು 2018ರಲ್ಲಿ ಮತ್ತೆ ಬೆಂಕಿ ಕಾಣಿಸಿದ್ದನ್ನೂ ಕಂಡ ಮೇಲೆ, ಚರಂಡಿಗೆ ಹೋದದ್ದೆಲ್ಲ ಎಲ್ಲೋ ಶುದ್ಧವಾಗುತ್ತದೆಂದು ನಂಬುವುದು ಕಷ್ಟ.

ಬೆಂಗಳೂರಿನಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಮಕ್ಕಳಿಗೆ ಇಲ್ಲಿಯೇ ಒಂದು ಮಾತು. ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಶುದ್ಧೀಕರಣ ಘಟಕ ಇದ್ದರೆ, ಅದು ಅರೆದ ಆಹಾರದ ಹೊರೆಯನ್ನೂ ಲೆಕ್ಕಹಾಕಿ ಕಟ್ಟಿದ್ದೇ ಎಂದು ಕೇಳಿ ತಿಳಿಯಬೇಕು. ಜಪಾನಿನ ಬಹುಮಹಡಿ ಕಟ್ಟಡಗಳಲ್ಲಿ ಡಿಸ್ಪೋಸರಿಗೆಂದೇ ಪ್ರತ್ಯೇಕ ಸಂಸ್ಕರಣ ತೊಟ್ಟಿಯನ್ನು ನಿರ್ಮಿಸುವ ಪದ್ಧತಿಯಿದೆ. ನೇರವಾಗಿ ಚರಂಡಿಗೆ ಬಿಡುವುದನ್ನು ಅಲ್ಲಿನ ಅನೇಕ ನಗರಗಳು ಒಪ್ಪುವುದಿಲ್ಲ. ಅಂಥ ಏರ್ಪಾಡಿಲ್ಲದಿದ್ದರೆ ಹಸಿಕಸವನ್ನು ಬೇರ್ಪಡಿಸಿ ಕೊಡುವುದೇ ಮೇಲು. ಬೇರ್ಪಡಿಸದೆ ಕೊಟ್ಟ ಕಸದ ದುರ್ವಾಸನೆಯನ್ನು ಉಂಡವರು ಮಾವಳ್ಳಿಪುರದ, ಮಂಡೂರಿನ ಹಳ್ಳಿಗರು. ಮಂಡೂರಿನವರು ಹೋರಾಡಿ 2014ರ ಕೊನೆಯಲ್ಲಿ ಲಾರಿಗಳನ್ನು ನಿಲ್ಲಿಸಬೇಕಾಯಿತು. ಡಿಸ್ಪೋಸರಿನ ಮಾರಾಟಗಾರರು ಈ ಹಳ್ಳಿಗರ ಸಂಕಟವನ್ನೇ ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು. ಲಾರಿಯಲ್ಲಿ ಹೋಗುವುದನ್ನು ಕೊಳವೆಯಲ್ಲಿ ಕಳಿಸಿದರೆ ಹಳ್ಳಿ ಬದಲಾಗುತ್ತದೆ, ಅಷ್ಟೆ.

ಹಾಗಾದರೆ ನಮ್ಮ ಮುಸುರೆಗೆ ನಮ್ಮಲ್ಲಿ ಇದ್ದ ದಾರಿ ಯಾವುದು? ಅಡುಗೆಮನೆಯ ಹಿಂಬಾಗಿಲಲ್ಲಿ ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ, ಹಲಸಿನ ಕಾಲದಲ್ಲಿ ಅದರ ರಚ್ಚೆ, ಎಲ್ಲವೂ ಕೊಟ್ಟಿಗೆಗೆ. ಅದಕ್ಕೂ ಮೊದಲೇ ಹೀರೆಕಾಯಿಯ ಸಿಪ್ಪೆ ಚಟ್ನಿಯಾಗಿ, ಹಲಸಿನ ಬೀಜ ಸಾರಾಗಿ ಹೋಗಿರುತ್ತಿದ್ದವು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ. ದನ ತಿಂದದ್ದು ಸಗಣಿಯಾಗಿ, ಸೊಪ್ಪಿನ ಬೆಟ್ಟದ ಸೊಪ್ಪಿನೊಂದಿಗೆ ಗೊಬ್ಬರವಾಗಿ ತೋಟಕ್ಕೆ. ಅಮೆರಿಕದ ಸಂಸ್ಥೆ ಶ್ರೇಣಿಯಾಗಿ ಬರೆದಿಟ್ಟದ್ದನ್ನು ನಮ್ಮ ಅಜ್ಜಿಯಂದಿರು ದಿನಚರಿಯಾಗಿ ನಡೆಸುತ್ತಿದ್ದರು.

ಆದರೆ ಈ ಮಾತನ್ನು ಹೇಳಿ ಬೆನ್ನು ತಟ್ಟಿಕೊಳ್ಳುವುದು ಪ್ರಾಮಾಣಿಕವಾಗಲಾರದು. ಇಂದು ಎಷ್ಟು ಮನೆಗಳ ಕೊಟ್ಟಿಗೆಯಲ್ಲಿ ದನವಿದೆ? ತೋಟ ವಿಸ್ತಾರವಾಯಿತು, ಮೇವಿನ ಬೇಣ ಕಿರಿದಾಯಿತು, ಮಕ್ಕಳು ಊರು ಬಿಟ್ಟರು. ಎಪ್ಪತ್ತು ದಾಟಿದ ದಂಪತಿಗಳು ಹಾಲಿನ ಪ್ಯಾಕೆಟ್ಟು ತರಿಸಿಕೊಂಡು ಬದುಕುತ್ತಿದ್ದಾರೆ. ಕಲಗಚ್ಚು ಕುಡಿಯುವ ಬಾಯಿಯೇ ಇಲ್ಲದ ಮನೆಯಲ್ಲಿ ಅದು ಬರಿಯ ಕಸ. ಇನ್ನೊಂದನ್ನೂ ಹೇಳಲೇಬೇಕು. ಆ ಬಾನಿಯನ್ನು ಮಳೆಯಲ್ಲಿ, ಜಾರುವ ಅಂಗಳದಲ್ಲಿ ಹೊತ್ತವರು ಹೆಂಗಸರು. ಸಂಪ್ರದಾಯದ ಹೆಚ್ಚುಗಾರಿಕೆಯನ್ನು ಸಭೆಗಳಲ್ಲಿ ವರ್ಣಿಸುವ ಬಹುಪಾಲು ಗಂಡಸರು ಒಂದು ದಿನವೂ ಅದನ್ನು ಮುಟ್ಟಿದವರಲ್ಲ. ಗುಂಡಿಯೊತ್ತಿದರೆ ಮುಸುರೆ ಮಾಯವಾಗುವ ಯಂತ್ರವನ್ನು ನಮ್ಮ ತಾಯಂದಿರು ಮೆಚ್ಚಿಕೊಂಡರೆ ಅದು ಪರದೇಶದ ಮೋಹವಲ್ಲ, ಬೆನ್ನುನೋವಿನ ಅನುಭವ. ಆದುದರಿಂದ ಯಂತ್ರ ಬೇಡವೆನ್ನುವವರು ಬಾನಿಯ ಹೊರೆಯನ್ನು ಇಳಿಸುವ ದಾರಿಯನ್ನೂ ಹೇಳಬೇಕು.

ಗೋಬರ್ ಗ್ಯಾಸ್ ಇರುವ ಮನೆಗೆ ದಾರಿ ಸುಲಭ. ಶಿರಸಿ ಸೀಮೆಯಲ್ಲಿ ಈ ತೊಟ್ಟಿಗಳು ಹರಡಿದ ಬಗೆ 2001ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಯಶಸ್ಸಿನ ಕಥೆಯಾಗಿ ಪ್ರಕಟವಾದುದು ನಮ್ಮ ಹೆಮ್ಮೆ. ಸಗಣಿ ಕಡಿಮೆಯಾಗಿ ಗ್ಯಾಸ್ ಸಾಲದೆಂಬ ದೂರು ಈಗ ಎಲ್ಲೆಡೆ ಕೇಳುತ್ತದೆ. ಅಡುಗೆಮನೆಯ ಹಸಿಕಸವನ್ನು ಸಣ್ಣಗೆ ಹೆಚ್ಚಿ ಸಗಣಿಯ ನೀರಿನೊಡನೆ ಬೆರೆಸಿದರೆ ಅದೇ ತೊಟ್ಟಿ ಹೆಚ್ಚು ಉರಿ ಕೊಡುತ್ತದೆ. ಆದರೆ ಹಿತಮಿತವಾಗಿ: ಒಮ್ಮೆಲೇ ಬಹಳ ಅನ್ನ ಸುರಿದರೆ ತೊಟ್ಟಿ ಹುಳಿಯಾಗಿ ಮೀಥೇನ್ ತಯಾರಿಸುವ ಜೀವಿಗಳು ಕೆಲಸ ನಿಲ್ಲಿಸುತ್ತವೆ. ನಿಂಬೆ, ಕಿತ್ತಳೆಯ ಸಿಪ್ಪೆ, ಹೆಚ್ಚಿನ ಎಣ್ಣೆ ಬೇಡ. ಪುಣೆಯ ಆರತಿ ಸಂಸ್ಥೆಯಲ್ಲಿ ಆನಂದ ಕರ್ವೆಯವರು ಸಗಣಿಯಿಲ್ಲದೆ ಅಡುಗೆಮನೆಯ ಕಸದಿಂದಲೇ ನಡೆಯುವ ಪುಟ್ಟ ತೊಟ್ಟಿಯನ್ನು ರೂಪಿಸಿದರು. 2006ರಲ್ಲಿ ಆ ಸಂಸ್ಥೆಗೆ ಆಶ್ಡೆನ್ ಪ್ರಶಸ್ತಿಯೂ ಬಂದಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿಸರ್ಗಋಣ ಘಟಕದಲ್ಲಿ ಕಸವನ್ನು ಮೊದಲು ಯಂತ್ರದಲ್ಲಿ ಅರೆದು, ಆಮೇಲೆ ಕೊಳೆಸುವ ತೊಟ್ಟಿಗೆ ಬಿಡುತ್ತಾರೆ. ಅರೆಯುವ ತತ್ತ್ವ ಅದೇ. ಕೊಳವೆ ಮಾತ್ರ ಚರಂಡಿಯ ಬದಲು ಗ್ಯಾಸಿನ ತೊಟ್ಟಿಗೆ ಹೋಗುತ್ತದೆ. ಮೂವತ್ತು ಜನ ಅತಿಥಿಗಳ ಅಡುಗೆ ಮಾಡುವ ಹೋಂಸ್ಟೇಯವರು ಡಿಸ್ಪೋಸರಿಗೆ ಹಾಕುವ ಹಣವನ್ನು ಇಂಥದ್ದಕ್ಕೆ ಹಾಕಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಐದು ಜನರಿಗೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ಮೂವತ್ತು ಜನರ ಎಂಜಲನ್ನು ಅರೆದು ಬಿಡುವುದು ನೆರೆಯವರ ಬಾವಿಯ ಮೇಲೆ ಎಸಗುವ ಅಪರಾಧ. ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಸಿಂಕಿನ ನೀರು ಎಲ್ಲಿಗೆ ಹೋಗುತ್ತದೆಂಬ ಒಂದು ಪ್ರಶ್ನೆಯನ್ನು ಗ್ರಾಮ ಪಂಚಾಯಿತಿಗಳು ಕೇಳಲಾರಂಭಿಸಬೇಕು.

ದನವೂ ಇಲ್ಲ, ಗ್ಯಾಸೂ ಇಲ್ಲ ಎನ್ನುವ ಮನೆಗೆ ಗೊಬ್ಬರದ ಗುಂಡಿ ಉಳಿದಿದೆ. ಅದರಿಂದ ಏನು ಸಿಕ್ಕೀತೆಂಬುದಕ್ಕೆ ಉತ್ಪ್ರೇಕ್ಷೆಯಿಲ್ಲದ ಲೆಕ್ಕ ಇಲ್ಲಿದೆ. ದಿನಕ್ಕೆ ಅರ್ಧ ಕಿಲೋ ಹಸಿಕಸವೆಂದರೆ ವರ್ಷಕ್ಕೆ ಸುಮಾರು 180 ಕಿಲೋ. ಅದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ. ಒಣ ತೂಕ 40 ಕಿಲೋ ಎಂದಿಟ್ಟುಕೊಳ್ಳೋಣ. ಒಣ ತೂಕದ ಶೇ. 2ರಷ್ಟು ಸಾರಜನಕವೆಂದರೆ 800 ಗ್ರಾಂ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವ ಸಾರಜನಕ 100 ಗ್ರಾಂ. ಕೊಳೆಯುವಾಗ ಒಂದಷ್ಟು ನಷ್ಟವಾಗುವುದನ್ನು ಕಳೆದರೂ ಐದಾರು ಮರಗಳ ಪಾಲು ಸಿಂಕಿನಲ್ಲಿ ಹೋಗುತ್ತಿದೆ ಎಂದಾಯಿತು. ಇದರಿಂದ ತೋಟ ಉದ್ಧಾರವಾಗುವುದಿಲ್ಲ. ಆದರೆ ಅಂಗಳದ ಬದಿಯ ಹೀರೆ, ಬೆಂಡೆ, ಬಸಳೆಗೆ ಧಾರಾಳವಾಯಿತು. ಹೊಳೆಗೆ ಸೇರಿದರೆ ಅದೇ ಸಾರಜನಕ ಪಾಚಿಗೆ ಮೇವು.

ಗುಂಡಿ ಹಿಂಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ ಇರಬೇಕು. ದೂರವಾದರೆ ಒಂದು ತಿಂಗಳಲ್ಲಿ ಉತ್ಸಾಹ ಇಳಿಯುತ್ತದೆ. ಎರಡು ಸಣ್ಣ ಗುಂಡಿಗಳಿದ್ದರೆ ಒಂದು ತುಂಬುವಾಗ ಇನ್ನೊಂದು ಮಾಗುತ್ತದೆ. ಪ್ರತಿದಿನದ ಹಸಿಕಸದ ಮೇಲೆ ಅದರ ಎರಡರಷ್ಟು ಗಾತ್ರದ ದರಗೆಲೆ ಮುಚ್ಚಿದರೆ ವಾಸನೆಯೂ ಇಲ್ಲ, ನೊಣವೂ ಇಲ್ಲ. ಹಸಿಕಸದಲ್ಲಿ ಸಾರಜನಕ ಹೆಚ್ಚು, ದರಗೆಲೆಯಲ್ಲಿ ಇಂಗಾಲ ಹೆಚ್ಚು, ಸೂಕ್ಷ್ಮಜೀವಿಗೆ ಎರಡೂ ಬೇಕು. ದರಗೆಲೆಯನ್ನು ಬೇಸಿಗೆಯಲ್ಲಿಯೇ ಗುಡಿಸಿ ಚೀಲಗಳಲ್ಲಿ ಮಳೆ ತಾಗದಲ್ಲಿ ಇಟ್ಟುಕೊಳ್ಳದವರು ಜುಲೈಯಲ್ಲಿ ಪರಿತಪಿಸುತ್ತಾರೆ. ಬೆಂದ ಆಹಾರದ ವಾಸನೆಗೆ ನಾಯಿ ಬರುತ್ತದೆ, ಕಾಡುಹಂದಿ ಬರುತ್ತದೆ, ನಾಯಿಯ ಹಿಂದೆ ಚಿರತೆಯೂ ಬರುವ ಊರುಗಳಿವೆ. ಅಂಥಲ್ಲಿ ತಳ ತೆಗೆದು ಬದಿಗೆ ತೂತು ಕೊರೆದ ಹಳೆಯ ಡ್ರಮ್ಮನ್ನು ಅರ್ಧ ಹೂತು, ಮೇಲೆ ಬಿಗಿಯಾದ ಮುಚ್ಚಳವನ್ನೂ ಅದರ ಮೇಲೊಂದು ಕಲ್ಲನ್ನೂ ಇಡಬೇಕು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ ಹೋಗುವ ಮುನ್ನ ಜಿಡ್ಡು ನಿಲ್ಲುವ ಒಂದು ಪುಟ್ಟ ತೊಟ್ಟಿಯನ್ನು ದಾಟಿಸುವುದು ಒಳ್ಳೆಯದು. ತಿಂಗಳಿಗೊಮ್ಮೆ ಅದರ ಕೆನೆ ತೆಗೆದು ದರಗೆಲೆಯೊಡನೆ ಗುಂಡಿಗೇ ಹಾಕಬಹುದು. ಈ ಕೆಲಸ ಮಾಡಬೇಕೆಂದಿರುವವರು ಮುಂಗಾರಿಗೆ ಮೊದಲೇ, ನೆಲ ಗುದ್ದಲಿಗೆ ಬಗ್ಗುವಾಗಲೇ ಮುಗಿಸಲಿ. ಗುಂಡಿಯ ಮೇಲ್ಬದಿಯಲ್ಲಿ ಗೇಣುದ್ದದ ಕಾಲುವೆಯೊಂದನ್ನು ತೆಗೆಯಲು ಮರೆಯಬಾರದು; ಇಲ್ಲವಾದರೆ ಮೊದಲ ದೊಡ್ಡ ಮಳೆಗೆ ಗುಡ್ಡದ ನೀರು ನುಗ್ಗಿ ಗೊಬ್ಬರವನ್ನೆಲ್ಲ ಹಳ್ಳಕ್ಕೆ ಒಯ್ಯುತ್ತದೆ.